ಟ್ರ್ಯಾಕನ್ನು ಹಿಂದಿನಿಂದ ಓದಿ: ಕಲಬುರಗಿಯಿಂದ ಮೊದಲ ಸಲ ಟ್ರ್ಯಾಕ್ ಡೇಗೆ ಹೊರಟವರಿಗೆ

ಕಲಬುರಗಿಯಲ್ಲಿ ಬೈಕ್ ಕಲಿತವರಿಗೆ ಒಂದು ಕೊರತೆ ಉಳಿದುಬಿಡುತ್ತದೆ. ನಮಗೆ ತಿರುವು ಗೊತ್ತಿಲ್ಲ. ಸೇಡಂ ಕಡೆ ಹೋಗಿ, ಜೇವರ್ಗಿ ಕಡೆ ಹೋಗಿ, ಅಫಜಲಪುರದ ಕಡೆ ಹೋಗಿ, ಎರಡೂ ಬದಿಗೆ ತೊಗರಿ ಹೊಲ, ನಡುವೆ ನೂಲು ಹಿಡಿದು ಎಳೆದಂಥ ರಸ್ತೆ. ಗೇರು ಏರಿಸುವುದು, ಎಕ್ಸಲೇಟರ್ ತಿರುವುವುದು, ಎದುರಿಗೆ ಲಾರಿ ಕಂಡರೆ ಬ್ರೇಕ್ ಹಿಡಿಯುವುದು. ಹತ್ತು ವರ್ಷ ನಾನು ಇದನ್ನೇ ಬೈಕ್ ಓಡಿಸುವುದು ಎಂದುಕೊಂಡಿದ್ದೆ.

ಆಮೇಲೆ ಕೊಯಮತ್ತೂರಿನ ಹತ್ತಿರ ಚೆಟ್ಟಿಪಾಳ್ಯದಲ್ಲಿರುವ ಕರಿ ಮೋಟಾರ್ ಸ್ಪೀಡ್‌ವೇ ಎಂಬ ರೇಸ್ ಟ್ರ್ಯಾಕಿಗೆ ಟ್ರ್ಯಾಕ್ ಡೇಗೆ ಹೋದೆ. ಟ್ರ್ಯಾಕ್ ಡೇ ಅಂದರೆ ನಮ್ಮಂಥವರು ದುಡ್ಡು ಕಟ್ಟಿ ರೇಸ್ ಟ್ರ್ಯಾಕಿನಲ್ಲಿ ಬೈಕ್ ಓಡಿಸುವ ದಿನ. ಒಂದು ಸುತ್ತು ಬರೀ 2.1 ಕಿಲೋಮೀಟರ್. ಮೊದಲ ದಿನ ಆ ಸುತ್ತು ಮುಗಿಸುವಷ್ಟರಲ್ಲಿ ನನ್ನ ಮುಂಗೈ ಕಲ್ಲಿನ ಹಾಗೆ ಬಿಗಿದುಹೋಗಿತ್ತು. ಒಂದು ತಿರುವು ಮುಗಿಯಿತು ಅನ್ನುವಾಗ ಇನ್ನೊಂದು ಎದುರಿಗೆ ಬಂದಿರುತ್ತಿತ್ತು. ಅಲ್ಲಿಂದ ಇಲ್ಲಿಯವರೆಗೆ ಮತ್ತೆ ಮತ್ತೆ ಹೋಗಿದ್ದೇನೆ. ನಾನು ಕೆಲಸ ಮಾಡುವುದು ಕಲಬುರಗಿಯ ಒಂದು ದಾಲ್ ಮಿಲ್‌ನಲ್ಲಿ. ಬೇರಿಂಗ್, ಬೆಲ್ಟು, ಮೋಟಾರು ನೋಡಿಕೊಳ್ಳುವ ಕೆಲಸ. ಹೊಸ ತೊಗರಿ ಬಂದ ಮೇಲೆ ನಮಗೆ ಉಸಿರಾಡಲೂ ಪುರಸೊತ್ತಿಲ್ಲ. ಮಾಲು ಕಡಿಮೆಯಾಗುವ ಮಳೆಗಾಲದಲ್ಲಿ ನಾಲ್ಕು ದಿನ ರಜೆ ಸಿಗುತ್ತದೆ, ಆಗ ಹೋಗುತ್ತೇನೆ. ಕಲಬುರಗಿ, ಬೀದರ್, ಯಾದಗಿರಿ ಕಡೆಯ ಹುಡುಗ ಹುಡುಗಿಯರು ಈಚೆಗೆ ಇದರ ಬಗ್ಗೆ ತುಂಬ ಕೇಳುತ್ತಿದ್ದಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಟೆಕ್ನಿಕಲ್ ಟ್ರ್ಯಾಕ್ ಅಂದರೆ

ಗ್ರೇಟರ್ ನೋಯ್ಡಾದ ಬುದ್ಧ್ ಸರ್ಕ್ಯೂಟ್ ಟಿವಿಯಲ್ಲಿ ನೋಡಿರುತ್ತೀರಿ. 2023ರ ಸೆಪ್ಟೆಂಬರ್‌ನಲ್ಲಿ ಮೋಟೋಜಿಪಿ ಎಂಬ ವಿಶ್ವಮಟ್ಟದ ಬೈಕ್ ರೇಸ್ ನಡೆದ ಜಾಗ. ಒಂದು ಸುತ್ತು ಸುಮಾರು 5 ಕಿಲೋಮೀಟರ್, ಅದರಲ್ಲಿ ಒಂದು ನೇರ ದಾರಿಯೇ ಒಂದು ಕಿಲೋಮೀಟರ್‌ಗಿಂತ ಉದ್ದ. ಅಂಥ ಕಡೆ ದೊಡ್ಡ ಇಂಜಿನ್ ಇದ್ದರೆ ತಿರುವಿನಲ್ಲಿ ಮಾಡಿದ ತಪ್ಪನ್ನು ನೇರದಲ್ಲಿ ಸರಿದೂಗಿಸಿಕೊಳ್ಳಬಹುದು. ಚೆನ್ನೈ ಹತ್ತಿರ ಇರುಂಗಾಟುಕೋಟೈಯಲ್ಲಿ 1990ರಲ್ಲಿ ಶುರುವಾದ ಟ್ರ್ಯಾಕ್ 3.7 ಕಿಲೋಮೀಟರ್. ಈ ಮೂರರಲ್ಲಿ ಕರಿ ಚಿಕ್ಕದು. ಕೊಯಮತ್ತೂರಿನವರೇ ಆದ, ರೇಸ್ ಕಾರುಗಳನ್ನು ತಾವೇ ವಿನ್ಯಾಸ ಮಾಡಿ ಕಟ್ಟಿದ ಎಸ್. ಕರಿವರ್ಧನ್ ಅವರ ಹೆಸರು ಅದಕ್ಕೆ ಇದೆ.

ಚಿಕ್ಕ ಟ್ರ್ಯಾಕಿನಲ್ಲಿ ನೇರ ಕಡಿಮೆ. ತಿರುವುಗಳು ಮಾಲೆಯ ಹಾಗೆ ಒಂದಕ್ಕೊಂದು ಕಟ್ಟಿಕೊಂಡಿರುತ್ತವೆ. ಹಿಂದಿನ ತಿರುವಿನಲ್ಲಿ ನೀವು ಎಲ್ಲಿಂದ ಹೊರಬಂದಿರಿ ಅನ್ನುವುದರ ಮೇಲೆ ಮುಂದಿನದಕ್ಕೆ ಹೇಗೆ ಒಳಹೋಗುತ್ತೀರಿ ಅನ್ನುವುದು ತೀರ್ಮಾನವಾಗುತ್ತದೆ. ಇಂಥ ಟ್ರ್ಯಾಕನ್ನೇ ಸವಾರರು ಟೆಕ್ನಿಕಲ್ ಅನ್ನುತ್ತಾರೆ. ನನ್ನದು 155 ಸಿಸಿ ಯಮಹಾ ಆರ್15. ಇಲ್ಲಿಗೆ ಅದು ಸಾಕು. ಮೊದಲ ಸಲ ಹೋಗುವವರು ದೊಡ್ಡ ಬೈಕ್ ತರಲೇಬೇಡಿ ಅನ್ನುವುದು ನನ್ನ ಖಚಿತ ಅಭಿಪ್ರಾಯ. ಸಣ್ಣ ಬೈಕ್ ನಿಮಗೆ ಯೋಚಿಸಲು ಸಮಯ ಕೊಡುತ್ತದೆ.

ಹಿಂದಿನಿಂದ ಓದುವುದು

ಇಡೀ ಬರಹದಲ್ಲಿ ಒಂದೇ ಭಾಗ ಓದುತ್ತೇನೆ ಅನ್ನುವವರು ಇದನ್ನು ಓದಿ.

ಬಲ, ಎಡ, ಬಲ ಅಂತ ಮೂರು ತಿರುವು ಸಾಲಾಗಿ ಇವೆ, ಮೂರನೆಯದು ಮುಗಿದ ಮೇಲೆ ಒಂದು ನೇರ ಇದೆ ಅಂದುಕೊಳ್ಳಿ. ಹೊಸಬರು ಏನು ಮಾಡುತ್ತಾರೆ? ಮೊದಲನೆಯದಕ್ಕೆ ಜೋರಾಗಿ ನುಗ್ಗುತ್ತಾರೆ. ಹೊರಬರುವಾಗ ಬೈಕ್ ಎಡ ಅಂಚಿಗೆ ಎಳೆದುಕೊಂಡು ಹೋಗುತ್ತದೆ. ಆದರೆ ಮುಂದಿನದು ಎಡ ತಿರುವು. ಅದಕ್ಕೆ ಬಲ ಅಂಚಿನಿಂದ ಒಳಹೋಗಬೇಕು. ಅಲ್ಲಿಗೆ ದಾಟಲು ಜಾಗವೇ ಇಲ್ಲ. ಇಕ್ಕಟ್ಟಿನಲ್ಲಿ ತಿರುಗಿಸಿ ಬ್ರೇಕ್ ಹಿಡಿಯುತ್ತಾರೆ. ಮೂರನೆಯದಕ್ಕೂ ಅದೇ ಕಥೆ. ಕೊನೆಗೆ ನೇರಕ್ಕೆ ಬರುವಾಗ ಬೈಕ್ ಇನ್ನೂ ವಾಲಿಕೊಂಡೇ ಇರುತ್ತದೆ, ಎಕ್ಸಲೇಟರ್ ಕೊಡಲು ಆಗುವುದಿಲ್ಲ.

ಈಗ ಅದನ್ನೇ ತಿರುಗಿಸಿ ನೋಡಿ. ನೇರದಿಂದ ಶುರು ಮಾಡಿ. ನೇರದಲ್ಲಿ ವೇಗ ಬೇಕು, ಆದ್ದರಿಂದ ಮೂರನೆಯ ಬಲ ತಿರುವಿನಿಂದ ಅಗಲವಾಗಿ, ಬೇಗ ಎಕ್ಸಲೇಟರ್ ಕೊಟ್ಟು ಹೊರಬರಬೇಕು. ಹಾಗೆ ಬರಬೇಕಾದರೆ ಅದಕ್ಕೆ ಎಡ ಅಂಚಿನಿಂದ ಒಳಹೋಗಬೇಕು. ಹಾಗಾದರೆ ಎರಡನೆಯ ಎಡ ತಿರುವಿನಲ್ಲಿ ಬೈಕನ್ನು ಬಲಕ್ಕೆ ಜಾರಲು ಬಿಡಬಾರದು, ಎಡಕ್ಕೇ ಹಿಡಿದಿಟ್ಟುಕೊಳ್ಳಬೇಕು. ಅಂದರೆ ಅಲ್ಲಿ ನಿಧಾನ. ಆ ಎಡಕ್ಕೆ ಬಲ ಅಂಚಿನಿಂದ ಬರಬೇಕು. ಹಾಗಾದರೆ ಮೊದಲನೆಯ ಬಲ ತಿರುವಿನಲ್ಲೂ ತಡೆದುಕೊಳ್ಳಬೇಕು. ಎರಡು ತಿರುವು ಬಿಟ್ಟುಕೊಟ್ಟು ಒಂದನ್ನು ಗಳಿಸುವ ಲೆಕ್ಕ ಇದು. ನೇರ ಉದ್ದವಿದ್ದಷ್ಟೂ ಲಾಭ ಜಾಸ್ತಿ, ಯಾಕೆಂದರೆ ತಿರುವಿನ ಬಾಯಿಯಲ್ಲಿ ಸಿಕ್ಕ ಹೆಚ್ಚಿನ ವೇಗ ಇಡೀ ನೇರಕ್ಕೆ ನಿಮ್ಮ ಜೊತೆ ಬರುತ್ತದೆ.

ಅಗಲವಾಗಿ ತಿರುಗುವುದರ ಬೆಲೆ ಎಷ್ಟು ಅಂತ ಒಮ್ಮೆ ಲೆಕ್ಕ ಹಾಕಿದ್ದೆ. ಬೈಕ್ 40 ಡಿಗ್ರಿ ವಾಲಿದೆ ಅಂದುಕೊಳ್ಳಿ. 25 ಮೀಟರ್ ತ್ರಿಜ್ಯದ ಗೆರೆಯಲ್ಲಿ, ಅಂದರೆ ಬೈಕ್ ಹಿಡಿಯುವ ದಾರಿಯಲ್ಲಿ, ಗಂಟೆಗೆ ಸುಮಾರು 50 ಕಿಲೋಮೀಟರ್ ವೇಗ ಸಿಗುತ್ತದೆ. ಅಷ್ಟೇ ವಾಲಿ, 50 ಮೀಟರ್ ತ್ರಿಜ್ಯದ ಗೆರೆ ಹಿಡಿದರೆ 70 ದಾಟುತ್ತದೆ. ಒಂದು ಡಿಗ್ರಿಯೂ ಹೆಚ್ಚಿಗೆ ವಾಲಬೇಕಿಲ್ಲ, ಗೆರೆ ಬದಲಾದರೆ ಸಾಕು. ಹಿಂದೆ ಕಣದಲ್ಲಿ ತೆನೆ ತುಳಿಸಲು ನಡುವಿನ ಕಂಬದ, ಅಂದರೆ ಮೇಟಿಯ, ಸುತ್ತ ಎತ್ತು ಸುತ್ತಿಸುವ ಹಂತಿ ಕಟ್ಟುತ್ತಿದ್ದುದನ್ನು ನನ್ನ ಅಜ್ಜ ಹೇಳುತ್ತಿದ್ದರು. ಮೇಟಿಯ ಪಕ್ಕದ ಎತ್ತು ನಿಂತಲ್ಲೇ ತಿರುಗಿದ ಹಾಗೆ ಕಾಲು ಹಾಕುತ್ತದೆ, ಹೊರಗಿನ ಎತ್ತು ದಾಪುಗಾಲು ಹಾಕುತ್ತದೆ. ಟ್ರ್ಯಾಕಿನ ಅಷ್ಟೂ ಅಗಲವನ್ನು ಬಳಸದೆ ಒಳಗೊಳಗೇ ತಿರುಗುವ ಸವಾರ ಮೇಟಿಯ ಪಕ್ಕದ ಎತ್ತಿನ ಜಾಗದಲ್ಲಿ ಇರುತ್ತಾನೆ.

ಇದನ್ನು ಮನಸ್ಸಿಗೆ ಇಳಿಸಿಕೊಳ್ಳಲು ನಾನು ಮಾಡುವುದು ಹೀಗೆ. ಟ್ರ್ಯಾಕಿನ ನಕ್ಷೆ ಪ್ರಿಂಟ್ ಹಾಕಿಸುತ್ತೇನೆ. ಬೈಕ್ ಮೇಲೆ ಕ್ಯಾಮೆರಾ ಕಟ್ಟಿ ಓಡಿಸಿದವರ ವಿಡಿಯೋ ಹತ್ತಾರು ಸಲ ನೋಡುತ್ತೇನೆ. ಆಮೇಲೆ ಮಿಲ್‌ನ ಗೋದಾಮು ಖಾಲಿ ಇದ್ದಾಗ ನೆಲದ ಮೇಲೆ ಸುಣ್ಣದ ಪುಡಿಯಲ್ಲಿ ಟ್ರ್ಯಾಕ್ ಬರೆಯುತ್ತೇನೆ. ಒಂದು ತುದಿಯಿಂದ ಇನ್ನೊಂದು ತುದಿಗೆ ಇಪ್ಪತ್ತು ಹೆಜ್ಜೆ ಬರುವಷ್ಟು ದೊಡ್ಡದಾಗಿ. ಮೊದಲು ನೇರದಿಂದ ಹಿಂದಕ್ಕೆ ನಡೆಯುತ್ತೇನೆ, ಪ್ರತಿ ತಿರುವಿನಲ್ಲಿ ನಿಂತು ಇಲ್ಲಿ ಎಲ್ಲಿರಬೇಕು, ಯಾಕೆ ಅಂತ ಕೇಳಿಕೊಳ್ಳುತ್ತೇನೆ. ಆಮೇಲೆ ಮುಂದಕ್ಕೆ ನಡೆಯುತ್ತೇನೆ. ಕೊನೆಗೆ ಕಣ್ಣು ಮುಚ್ಚಿ. ತಿರುವುಗಳಿಗೆ ನಮ್ಮೂರಿನ ಹೆಸರು ಇಟ್ಟುಕೊಂಡಿದ್ದೇನೆ. ಇಕ್ಕಟ್ಟಿನದಕ್ಕೆ ಸರಾಫ್ ಬಜಾರ್, ಬಳಸಿಕೊಂಡು ಉದ್ದಕ್ಕೆ ಹೋಗುವುದಕ್ಕೆ ರಿಂಗ್ ರೋಡ್. ಅಂಕಿಗಿಂತ ಹೆಸರು ಬೇಗ ನೆನಪಾಗುತ್ತದೆ. ಗೋದಾಮು ಇಲ್ಲದವರು ಮಾಳಿಗೆ ಮೇಲೆ ಬರೆಯಿರಿ.

ಊರಲ್ಲೇ ಮಾಡಬಹುದಾದ ಅಭ್ಯಾಸ

ರಿಂಗ್ ರೋಡಿನಲ್ಲಿ ಬೈಕ್ ವಾಲಿಸಿ ಅಭ್ಯಾಸ ಮಾಡಬೇಡಿ. ಅಲ್ಲಿ ಮರಳು ಇರುತ್ತದೆ, ಡೀಸೆಲ್ ಚೆಲ್ಲಿರುತ್ತದೆ, ಟಂಟಂ ಅಡ್ಡ ಬರುತ್ತದೆ, ದನ ಬರುತ್ತದೆ. ನಿಮ್ಮ ತಪ್ಪಿಗೆ ಬೇರೆಯವರ ಮಗು ಸಿಕ್ಕಿಹಾಕಿಕೊಳ್ಳಬಾರದು. ಕಾಂಕ್ರೀಟ್ ಹಾಕಿದ ಖಾಲಿ ಅಂಗಳ ಯಾರ ಹತ್ತಿರವಾದರೂ ಇದ್ದರೆ ಕೇಳಿ, ಗುಡಿಸಿ, ಪ್ಲಾಸ್ಟಿಕ್ ಲೋಟ ಬೋರಲು ಹಾಕಿ. ಆರ್‌ಟಿಒದಲ್ಲಿ ಲೈಸೆನ್ಸಿಗೆ ಎಂಟು ಹಾಕಿದ್ದಿರಲ್ವಾ, ಅದೇ ಎಂಟನ್ನು ದೊಡ್ಡದಾಗಿ ಹಾಕಿ. ವೇಗ 30 ಸಾಕು. ನೋಡಬೇಕಾದ್ದು ಒಂದೇ: ಹತ್ತಿರದ ಲೋಟ ದಾಟುವ ಮೊದಲೇ ಮುಖ ಮುಂದಿನ ಲೋಟದ ಕಡೆ ತಿರುಗಿರಬೇಕು. ದಿನಕ್ಕೆ ಹದಿನೈದು ನಿಮಿಷದಂತೆ ಒಂದು ತಿಂಗಳು ಮಾಡಿ ಹೋದವರಿಗೂ ಮಾಡದೆ ಹೋದವರಿಗೂ ಇರುವ ವ್ಯತ್ಯಾಸ ಟ್ರ್ಯಾಕಿನಲ್ಲಿ ಕಣ್ಣಿಗೆ ಹೊಡೆಯುತ್ತದೆ.

ಇನ್ನೊಂದು, ಬೈಕನ್ನು ಸ್ಟ್ಯಾಂಡಿನ ಮೇಲೆ ಗಟ್ಟಿಯಾಗಿ ನಿಲ್ಲಿಸಿ, ಯಾರಾದರೂ ಹಿಡಿದುಕೊಂಡಿರಲಿ, ಕೂರುವುದನ್ನು ಕಲಿಯಿರಿ. ನಮ್ಮ ಕಡೆ ಎಲ್ಲರೂ ಪಾದದ ನಡುಭಾಗವನ್ನು ಫುಟ್‌ರೆಸ್ಟ್ ಮೇಲೆ ಇಡುತ್ತೇವೆ, ಬೆರಳು ಹೊರಕ್ಕೆ ಚಾಚಿಕೊಂಡಿರುತ್ತದೆ. ಬೈಕ್ ವಾಲಿದಾಗ ಆ ಬೆರಳು ನೆಲಕ್ಕೆ ಸಿಕ್ಕಿಕೊಳ್ಳುತ್ತದೆ. ಬೆರಳಿನ ಬುಡದ ದಪ್ಪ ಭಾಗವನ್ನು ಇಡಿ. ಬಲಕ್ಕೆ ತಿರುಗುವಾಗ ಕುಂಡಿ ಅರ್ಧ ಬಲಕ್ಕೆ ಸರಿಯಲಿ, ಎಡ ಮೊಣಕಾಲು ಟ್ಯಾಂಕನ್ನು ಒತ್ತಿ ಹಿಡಿಯಲಿ, ಎದೆ ಮತ್ತು ಗದ್ದ ಬಲಗೈ ಕಡೆ ಬಾಗಲಿ. ಮೈ ತೂಗುವುದು ಟ್ಯಾಂಕ್ ಒತ್ತಿದ ಕಾಲಿನ ಮೇಲೆ, ಕೈಗಳ ಮೇಲೆ ಭಾರ ಬೀಳಬಾರದು. ಮೊಣಕಾಲು ನೆಲಕ್ಕೆ ತಾಗಿಸುವ ಆಸೆ ಎಲ್ಲರಿಗೂ ಇರುತ್ತದೆ. ಮೊದಲ ದಿನ ಅದನ್ನು ಮರೆತುಬಿಡಿ. ತಾಗಬೇಕಾದಾಗ ತಾನೇ ತಾಗುತ್ತದೆ.

ಹ್ಯಾಂಡಲ್ ಎಷ್ಟು ಬಿಗಿ ಹಿಡಿಯಬೇಕು? ನಮ್ಮ ಅವ್ವ ತಟ್ಟಿದ ಜೋಳದ ರೊಟ್ಟಿಯನ್ನು ಹಂಚಿಗೆ ಎತ್ತಿ ಹಾಕುವುದನ್ನು ನೋಡಿ ನನಗೆ ಇದು ಅರ್ಥವಾಯಿತು. ಬಿಗಿ ಹಿಡಿದರೆ ಹಸಿ ರೊಟ್ಟಿ ಹರಿಯುತ್ತದೆ, ಸಡಿಲ ಬಿಟ್ಟರೆ ಜಾರುತ್ತದೆ. ಅಷ್ಟೇ ಹಿಡಿತ ಸಾಕು. ಬೈಕ್ ವಾಲಿರುವಾಗ ಮುಂದಿನ ಚಕ್ರ ತನ್ನ ದಾರಿಯನ್ನು ತಾನೇ ಸ್ವಲ್ಪ ಸ್ವಲ್ಪ ತಿದ್ದಿಕೊಳ್ಳುತ್ತಿರುತ್ತದೆ. ಕೈ ಬಿಗಿಯಾದರೆ ಅದಕ್ಕೆ ಅವಕಾಶವಿಲ್ಲ, ಬೈಕ್ ಅಲುಗಾಡುತ್ತದೆ.

ಗಾಡಿ ತಯಾರಿ

ಬ್ರೇಕ್ ಪ್ಯಾಡ್ ಅರ್ಧಕ್ಕಿಂತ ಹೆಚ್ಚು ಉಳಿದಿರಲಿ. ಬ್ರೇಕ್ ಆಯಿಲ್ ಹೊಸದು ಹಾಕಿಸಿ. ಹಳೆಯ ಆಯಿಲ್ ಗಾಳಿಯಲ್ಲಿನ ನೀರನ್ನು ಹೀರಿಕೊಂಡಿರುತ್ತದೆ, ಕಾದಾಗ ಆ ನೀರು ಆವಿಯಾಗಿ ಲಿವರ್ ಮೆತ್ತಗಾಗುತ್ತದೆ. ಚೈನ್, ಇಂಜಿನ್ ಆಯಿಲ್, ಕೂಲೆಂಟ್ ಸೋರಿಕೆ, ಕ್ಲಚ್ ಕೇಬಲ್ ನೋಡಿ. ಸೂಪರ್ ಮಾರ್ಕೆಟ್ ಕಡೆ ನನ್ನ ಗಾಡಿ ನೋಡುವ ಮಿಸ್ತ್ರಿ ಕಾಕಾ ಒಬ್ಬರಿದ್ದಾರೆ. "ತಮ್ಮಾ, ಬೋಲ್ಟ್ ಟೈಟ್ ಮಾಡಿದ್ರೆ ಆಗಲ್ಲ, ಟೈಟ್ ಇದೆ ಅಂತ ಕಣ್ಣಿಗೆ ಕಾಣಬೇಕು" ಅನ್ನುತ್ತಾರೆ. ಮಿಲ್‌ನಲ್ಲಿ ನಾವೂ ಅದನ್ನೇ ಮಾಡುವುದು. ಬಿಗಿ ಮಾಡಿದ ಬೋಲ್ಟಿನಿಂದ ಪಕ್ಕದ ಲೋಹಕ್ಕೆ ಬಣ್ಣದ ಒಂದು ಗೆರೆ ಎಳೆಯಿರಿ. ಗೆರೆ ತುಂಡಾಗಿ ಕಂಡರೆ ಬೋಲ್ಟ್ ಸಡಿಲವಾಗಿದೆ ಎಂದರ್ಥ. ಪ್ರತಿ ಸಲ ಟ್ರ್ಯಾಕಿನಿಂದ ಒಳಗೆ, ಬೈಕ್ ನಿಲ್ಲಿಸುವ ಜಾಗಕ್ಕೆ, ಬಂದಾಗ ಹತ್ತು ಸೆಕೆಂಡಿನಲ್ಲಿ ಎಲ್ಲ ಬೋಲ್ಟ್ ನೋಡಿ ಮುಗಿಸಬಹುದು.

ಟೈರಿನ ಬಗ್ಗೆ ನಮ್ಮವರಿಗೆ ವಿಶೇಷವಾಗಿ ಹೇಳಬೇಕು. ಕಲಬುರಗಿಯ ಬೇಸಿಗೆ 42, 43 ಡಿಗ್ರಿ ಮುಟ್ಟುತ್ತದೆ. ಎರಡು ಬೇಸಿಗೆ ಬಿಸಿಲಿಗೆ ನಿಂತ ಟೈರ್ ಹಲ್ಲು ಉಳಿದಿದ್ದರೂ ಒಳಗೆ ಗಟ್ಟಿಯಾಗಿರುತ್ತದೆ. ಟೈರಿನ ಬದಿಯಲ್ಲಿ ನಾಲ್ಕು ಅಂಕಿ ಒತ್ತಿರುತ್ತಾರೆ. 2324 ಅಂತಿದ್ದರೆ 2024ರ 23ನೇ ವಾರ ತಯಾರಾದದ್ದು. ಉಗುರಿನಿಂದ ಒತ್ತಿ ನೋಡಿ, ಬಿರುಕು ಹುಡುಕಿ. ಅನುಮಾನ ಬಂದರೆ ಬದಲಿಸಿ. ಹೆಲ್ಮೆಟ್ ಬಿಟ್ಟರೆ ದುಡ್ಡು ಹಾಕಬೇಕಾದ್ದು ಇದಕ್ಕೇ. ಗಾಳಿ ಬಿಸಿಯಾದಂತೆ ಹಿಗ್ಗುತ್ತದೆ, ಟೈರಿನೊಳಗಿನ ಒತ್ತಡ ಏರುತ್ತದೆ. ಆದ್ದರಿಂದ ಬೆಳಿಗ್ಗೆ ತಣ್ಣಗಿದ್ದಾಗ ಒಮ್ಮೆ, ಓಡಿಸಿ ಬಂದ ತಕ್ಷಣ ಒಮ್ಮೆ ಅಳೆದು ಬರೆದಿಟ್ಟುಕೊಳ್ಳಿ. ನಾನು ರಸ್ತೆಗೆ ಹೇಳಿದ ಅಂಕಿಗಿಂತ ಎರಡು ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಕಡಿಮೆಯಿಂದ ಶುರು ಮಾಡುತ್ತೇನೆ. ನಿಮ್ಮ ಟೈರಿಗೆ ಎಷ್ಟು ಬೇಕು ಎಂದು ಅಲ್ಲಿರುವ ತರಬೇತುದಾರರನ್ನು ಕೇಳಿ. ಅಳತೆಯ ಗೇಜ್ ಸ್ವಂತದ್ದು ಇರಲಿ.

ಕನ್ನಡಿ ಬಿಚ್ಚಿ, ಹೆಡ್‌ಲೈಟ್ ಮತ್ತು ಇಂಡಿಕೇಟರ್ ಗಾಜಿನ ಮೇಲೆ ಟೇಪ್ ಸುತ್ತಿ.

ಮೈಗೆ ಹಾಕುವುದರಲ್ಲಿ ರಾಜಿ ಬೇಡ. ಪೂರ್ತಿ ಮುಖ ಮುಚ್ಚುವ, ಗದ್ದದ ಕೆಳಗೆ ಎರಡು ರಿಂಗಿನಲ್ಲಿ ಪಟ್ಟಿ ಬಿಗಿಯುವ ಹೆಲ್ಮೆಟ್. ಚರ್ಮದ ಸೂಟು, ಒಂದೇ ತುಂಡಿನದು ಅಥವಾ ಜಿಪ್ಪಿನಿಂದ ಜೋಡಿಸುವಂಥದ್ದು. ಮಣಿಕಟ್ಟು ದಾಟಿ ಬರುವ ಗ್ಲೌಸ್, ಕಣಕಾಲು ಮುಚ್ಚುವ ಬೂಟು, ಬೆನ್ನಿಗೆ ಗಾರ್ಡ್. ಸೂಟು ಬಾಡಿಗೆಗೆ ಸಿಗುವ ಕಡೆ ಇದೆ. ಹೆಣ್ಣುಮಕ್ಕಳಿಗೆ ಅಳತೆ ಸಿಗುವುದು ಕಷ್ಟ, ಮೊದಲೇ ಫೋನ್ ಮಾಡಿ ಕೇಳಿ. ಸಡಿಲ ಸೂಟಿನಲ್ಲಿ ಬಿದ್ದರೆ ಮೊಣಕೈಯ ಗಾರ್ಡ್ ಪಕ್ಕಕ್ಕೆ ಸರಿದುಬಿಡುತ್ತದೆ. ನಿಮ್ಮ ಗಾಡಿಯ ಇನ್ಷೂರೆನ್ಸ್ ಕಾಗದವನ್ನೂ ಓದಿ. ನಮ್ಮ ಸಾಮಾನ್ಯ ಪಾಲಿಸಿಗಳು ರೇಸು, ವೇಗದ ಪರೀಕ್ಷೆಗೆ ಬಳಸಿದ ಗಾಡಿಗೆ ದುಡ್ಡು ಕೊಡುವುದಿಲ್ಲ. ಗಾಡಿ ಮುರಿದರೆ ಖರ್ಚು ನಿಮ್ಮದೇ ಎಂದು ತಿಳಿದು ಹೊರಡಿ.

ಹೋಗುವುದು

ಮುಂಬೈ ಕಡೆಯಿಂದ ಬರುವ ಕೊಯಮತ್ತೂರು ಎಕ್ಸ್‌ಪ್ರೆಸ್ ನಮ್ಮ ಕಲಬುರಗಿ ಮೇಲೆಯೇ ಹೋಗುತ್ತದೆ. ಬೈಕನ್ನು ಪಾರ್ಸೆಲ್ ಹಾಕುವುದಾದರೆ ಟ್ಯಾಂಕಿನ ಪೆಟ್ರೋಲ್ ಪೂರ್ತಿ ಖಾಲಿ ಮಾಡಬೇಕು, ಆರ್‌ಸಿ ಮತ್ತು ಗುರುತಿನ ಚೀಟಿಯ ಜೆರಾಕ್ಸ್ ಬೇಕು. ಎರಡು ದಿನ ಮುಂಚೆಯೇ ಕಳಿಸಿ. ಒಂದು ಸಲ ನನ್ನ ಕ್ಲಚ್ ಲಿವರ್ ದಾರಿಯಲ್ಲಿ ಬಗ್ಗಿ ಹೋಯಿತು. ಅಂದಿನಿಂದ ಎರಡೂ ಲಿವರ್‌ಗೆ ಗೋಣಿಚೀಲ ದಪ್ಪಗೆ ಸುತ್ತಿ ಸುತಳಿ ಬಿಗಿಯುತ್ತೇನೆ, ಒಂದು ಜೊತೆ ಹೊಸ ಲಿವರ್ ಬ್ಯಾಗಿನಲ್ಲಿ ಇಡುತ್ತೇನೆ. ಬೈಕ್ ಓಡಿಸಿಕೊಂಡೇ ಹೋಗುತ್ತೇನೆ ಅನ್ನಬೇಡಿ. ಅಷ್ಟು ದೂರ ಓಡಿಸಿ ಸುಸ್ತಾದ ಮೈಯಲ್ಲಿ ಟ್ರ್ಯಾಕಿಗೆ ಇಳಿಯುವುದು ಅಪಾಯ. ಟ್ರ್ಯಾಕ್ ಡೇ ನಡೆಸುವವರು ಬೈಕ್ ಬಾಡಿಗೆಗೂ ಕೊಡುತ್ತಾರಾ ಅಂತ ಕೇಳಿ. ಮೊದಲ ಸಲಕ್ಕೆ ಅದೇ ಚೆನ್ನ.

ದುಡ್ಡು ಕಟ್ಟುವ ಮೊದಲು ಇನ್ನೂ ನಾಲ್ಕು ಪ್ರಶ್ನೆ ಕೇಳಿ. ಆಂಬುಲೆನ್ಸ್ ಸ್ಥಳದಲ್ಲೇ ಇರುತ್ತದಾ? ಹೊಸಬರಿಗೆ ಬೇರೆ ಗುಂಪು ಇದೆಯಾ? ಒಂದು ಗುಂಪಿನಲ್ಲಿ ಎಷ್ಟು ಬೈಕ್? ಪ್ರತಿ ತಿರುವಿನಲ್ಲಿ ಬಾವುಟ ತೋರಿಸುವ ಮಾರ್ಷಲ್ ನಿಲ್ಲುತ್ತಾರಾ? ಸರಿಯಾದ ಉತ್ತರ ಬರದಿದ್ದರೆ ಹೋಗಬೇಡಿ.

ಆ ದಿನ

ಬೆಳಿಗ್ಗೆ ಬಾವುಟಗಳ ಬಗ್ಗೆ ಹೇಳುತ್ತಾರೆ, ಕಿವಿಗೊಟ್ಟು ಕೇಳಿ. ಹಳದಿ ಬೀಸಿದರೆ ಮುಂದೆ ಅಪಾಯ, ನಿಧಾನಿಸಿ, ಯಾರನ್ನೂ ದಾಟಬೇಡಿ. ಹಳದಿಯ ಮೇಲೆ ಕೆಂಪು ಪಟ್ಟಿ ಇದ್ದರೆ ನೆಲ ಜಾರುತ್ತಿದೆ. ಕೆಂಪು ಅಂದರೆ ಎಲ್ಲರೂ ನಿಧಾನವಾಗಿ ಒಳಗೆ ಬನ್ನಿ. ನಿಮಗೆ ಕಪ್ಪು ತೋರಿಸಿದರೆ ನೀವು ಒಳಗೆ ಬರಬೇಕು. ನೀಲಿ ಅಂದರೆ ಹಿಂದೆ ವೇಗದವರು ಇದ್ದಾರೆ. ಅವರಿಗೆ ದಾರಿ ಕೊಡಲು ಅಂತ ಥಟ್ಟನೆ ಪಕ್ಕಕ್ಕೆ ಹೋಗಬೇಡಿ, ನಿಮ್ಮ ಗೆರೆಯಲ್ಲೇ ಇರಿ, ದಾಟುವ ಜವಾಬ್ದಾರಿ ಅವರದು.

ಗುಂಪು ಆರಿಸುವಾಗ ನಿಧಾನದ್ದನ್ನೇ ಆರಿಸಿ. ಮೊದಲ ಸೆಷನ್, ಅಂದರೆ ನಿಮ್ಮ ಗುಂಪು ಟ್ರ್ಯಾಕಿಗೆ ಇಳಿಯುವ ಮೊದಲ ಸರದಿ, ಮೂರನೇ ಗೇರಿನಲ್ಲಿ, ಆದಷ್ಟು ಬ್ರೇಕ್ ಮುಟ್ಟದೆ ಓಡಿಸಿ. ಹಾಗೆ ಓಡಿಸುವಾಗ ತಿರುವಿಗೆ ಎಷ್ಟು ವೇಗ ಬೇಕು ಅನ್ನುವುದನ್ನು ಎಕ್ಸಲೇಟರ್ ಬಿಟ್ಟೇ ಅಂದಾಜು ಮಾಡಬೇಕಾಗುತ್ತದೆ. ಕೈ ಕಾಲಿಗೆ ಕೆಲಸ ಇಲ್ಲದ್ದರಿಂದ ಗಮನವೆಲ್ಲ ಗೆರೆಯ ಮೇಲೆ ಇರುತ್ತದೆ. ಗೋದಾಮಿನಲ್ಲಿ ನಡೆದದ್ದು ಇಲ್ಲಿ ನೆಲದ ಮೇಲೆ ಕಾಣಲು ಶುರುವಾಗುತ್ತದೆ. ಎರಡನೆಯ ಸೆಷನ್‌ನಿಂದ ಬ್ರೇಕ್ ಸೇರಿಸಿ.

ಬ್ರೇಕ್ ಹಿಡಿಯುವುದು ಲಿಂಬೆಹಣ್ಣು ಹಿಂಡಿದ ಹಾಗೆ. ಮೊದಲು ಮೆಲ್ಲಗೆ ಒತ್ತಿದಾಗ ಭಾರ ಮುಂದಿನ ಚಕ್ರಕ್ಕೆ ಬರುತ್ತದೆ, ಟೈರ್ ನೆಲಕ್ಕೆ ಅಗಲವಾಗಿ ಒತ್ತಿಕೊಳ್ಳುತ್ತದೆ. ಆಮೇಲೆ ಜೋರಾಗಿ ಹಿಂಡಿ. ತಿರುವು ಹತ್ತಿರ ಬಂದಂತೆ ಮೆಲ್ಲಗೆ ಬಿಡುತ್ತಾ ಬನ್ನಿ. ಥಟ್ಟನೆ ಹಿಡಿದರೂ ತಪ್ಪು, ಥಟ್ಟನೆ ಬಿಟ್ಟರೂ ತಪ್ಪು. ವೇಗ ಎರಡು ಪಟ್ಟಾದರೆ ಬ್ರೇಕ್ ಹಿಡಿದ ಮೇಲೆ ನಿಲ್ಲಲು ಬೇಕಾಗುವ ದೂರ ನಾಲ್ಕು ಪಟ್ಟಾಗುತ್ತದೆ ಅನ್ನುವುದನ್ನು ನೆನಪಿಡಿ. ಗಂಟೆಗೆ 100 ಅಂದರೆ ಸೆಕೆಂಡಿಗೆ ಸುಮಾರು 28 ಮೀಟರ್. ಅರ್ಧ ಸೆಕೆಂಡ್ ತಡವಾದರೆ ಒಂದು ಲಾರಿಯ ಉದ್ದಕ್ಕಿಂತ ಜಾಸ್ತಿ ದೂರ ಹೋಗಿರುತ್ತೀರಿ. ಅದಕ್ಕೇ ಬ್ರೇಕ್ ಹಿಡಿಯಲು ಒಂದು ಗುರುತು ಬೇಕು. ಬೋರ್ಡೋ, ಬಣ್ಣದ ಕಲ್ಲೋ, ಡಾಂಬರಿನ ಮೇಲಿನ ತೇಪೆಯೋ, ಯಾವುದಾದರೂ ಸರಿ, ಜಾಗ ಬದಲಿಸದ ವಸ್ತು ಆಗಿರಲಿ.

ಬೈಕ್ ತಿರುಗಿಸಲು ಬಲಕ್ಕೆ ಹೋಗಬೇಕಾದರೆ ಬಲ ಹ್ಯಾಂಡಲನ್ನು ಮುಂದಕ್ಕೆ ಒತ್ತಿ. ಕೇಳಲು ವಿಚಿತ್ರ ಅನ್ನಿಸುತ್ತದೆ. ರಸ್ತೆಯಲ್ಲಿ ನೀವು ಗೊತ್ತಿಲ್ಲದೆಯೇ ಇದನ್ನು ಮಾಡುತ್ತಿದ್ದೀರಿ. ಟ್ರ್ಯಾಕಿನಲ್ಲಿ ಬೇಕೆಂದೇ ಮಾಡಬೇಕು, ಒಂದು ತಿರುವಿಗೆ ಒಂದೇ ಸಲ. ತಿರುಗಿದ ಮೇಲೆ ಕೈ ಸಡಿಲ ಬಿಟ್ಟು ಎಕ್ಸಲೇಟರನ್ನು ಎಳೆ ಎಳೆಯಾಗಿ ತೆರೆಯುತ್ತಾ ಹೋಗಿ. ಬೈಕ್ ನೆಟ್ಟಗಾಗುತ್ತಾ ಬಂದಂತೆ ಹೆಚ್ಚು ತೆರೆಯಿರಿ. ತಿರುವಿನ ನಡುವೆ ಹೆದರಿ ಪೂರ್ತಿ ಮುಚ್ಚಿದರೆ ಭಾರ ಮುಂದಕ್ಕೆ ಬೀಳುತ್ತದೆ, ಇಂಜಿನ್ ಹಿಂದಿನ ಚಕ್ರವನ್ನು ಹಿಡಿಯುತ್ತದೆ, ಗೆರೆ ಕೆಡುತ್ತದೆ.

ಕಣ್ಣು

ನನಗೆ ಕಲಿಸಿದ ತಮಿಳು ತರಬೇತುದಾರರು ಪ್ರತಿ ಸೆಷನ್ ಮುಗಿದಾಗ ಒಂದೇ ಪ್ರಶ್ನೆ ಕೇಳುತ್ತಿದ್ದರು. "ತಂಬಿ, ಕಣ್ಣು ಎಲ್ಲಿತ್ತು?"

ಮೊದಲ ಸಲ ಹೋದಾಗ ಮಧ್ಯಾಹ್ನದ ಒಂದು ಸೆಷನ್‌ನಲ್ಲಿ ಒಂದು ಕೆಂಪು ಬೈಕ್ ನನ್ನನ್ನು ದಾಟಿತು. ನಾನು ಅದರ ಹಿಂದೆ ಬಿದ್ದೆ. ಎರಡು ಸುತ್ತು ನನಗೆ ಟ್ರ್ಯಾಕ್ ಕಾಣಲಿಲ್ಲ, ಆ ಬೈಕಿನ ಹಿಂಭಾಗ ಮಾತ್ರ ಕಂಡಿತು. ಅವರು ಬ್ರೇಕ್ ಹಿಡಿದಲ್ಲಿ ನಾನೂ ಹಿಡಿದೆ. ಅವರ ಟೈರು, ಅವರ ಅನುಭವ ಬೇರೆ. ಬೈಕ್ ಆಗಲೇ ವಾಲಿದ್ದಾಗ ವೇಗ ಜಾಸ್ತಿಯಾಯಿತು ಅನ್ನಿಸಿ ಮುಂದಿನ ಬ್ರೇಕನ್ನು ಗಬಕ್ಕನೆ ಹಿಡಿದುಬಿಟ್ಟೆ. ಮುಂದಿನ ಚಕ್ರ ಮಡಚಿಕೊಂಡು ಜಾರಿತು. ಸೂಟಿನ ಮೊಣಕೈ ಹರಿಯಿತು, ಗೇರ್ ಲಿವರ್ ಮುರಿಯಿತು. ನನಗೆ ಏನೂ ಆಗಲಿಲ್ಲ, ಸೂಟು ಇದ್ದದ್ದರಿಂದ. ಒಳಗೆ ಬಂದು ಕೂತಾಗ ತರಬೇತುದಾರರು ಬೈಯಲಿಲ್ಲ. ಅದೇ ಪ್ರಶ್ನೆ ಕೇಳಿದರು. ನನಗೆ ಕಣ್ಣಲ್ಲಿ ನೀರು ಬಂತು.

ಬೈಕ್ ಹೋಗುವುದು ನೀವು ನೋಡಿದ ಕಡೆಗೆ. ಮುಂದಿನವರನ್ನು ನೋಡಿದರೆ ಅವರ ತಪ್ಪಿನೊಳಕ್ಕೆ ಹೋಗುತ್ತೀರಿ. ಅಂಚಿನ ಮಣ್ಣನ್ನು ನೋಡಿದರೆ ಮಣ್ಣಿಗೆ ಹೋಗುತ್ತೀರಿ. ಆದ್ದರಿಂದ ಕಣ್ಣಿಗೆ ಒಂದು ಕ್ರಮ ಕೊಡಿ. ಬ್ರೇಕ್ ಗುರುತು ಕಂಡಾಯಿತು, ಕಣ್ಣು ತಿರುಗಿಸುವ ಜಾಗಕ್ಕೆ. ಅಲ್ಲಿಗೆ ತಲುಪುವ ಮೊದಲೇ ತಿರುವಿನ ಒಳಅಂಚಿನ ಬಿಂದುವಿಗೆ. ಅದನ್ನು ಮುಟ್ಟುವ ಮೊದಲೇ ಹೊರಬರುವ ಜಾಗಕ್ಕೆ. ಟೆಕ್ನಿಕಲ್ ಟ್ರ್ಯಾಕಿನಲ್ಲಿ ಆ ಹೊರಬರುವ ಜಾಗವೇ ಮುಂದಿನ ತಿರುವಿನ ಬಾಗಿಲು. ಹಿಂದಿನಿಂದ ಓದಿಕೊಂಡು ಹೋಗಿದ್ದರೆ ಕಣ್ಣಿಗೆ ಎಲ್ಲಿ ಹೋಗಬೇಕು ಎಂದು ಮೊದಲೇ ಗೊತ್ತಿರುತ್ತದೆ, ಅದು ಹುಡುಕಾಡುವುದಿಲ್ಲ. ಮುಂದೆ ಬೈಕ್ ಇದ್ದರೆ ಅದರ ಆಚೆಗೆ ನೋಡಿ. ಆಗದಿದ್ದರೆ ಎಕ್ಸಲೇಟರ್ ಸ್ವಲ್ಪ ಬಿಟ್ಟು ನಿಮ್ಮ ನಡುವೆ ಜಾಗ ಮಾಡಿಕೊಳ್ಳಿ.

ಒಂದು ವೇಳೆ ಬಿದ್ದರೆ ಹ್ಯಾಂಡಲ್ ಬಿಟ್ಟುಬಿಡಿ. ಜಾರುವುದು ಪೂರ್ತಿ ನಿಲ್ಲುವವರೆಗೆ ಏಳಲು ಹೋಗಬೇಡಿ. ನಿಂತಿತು ಅನ್ನಿಸಿದರೂ ಮೈ ಇನ್ನೂ ಜಾರುತ್ತಿರುತ್ತದೆ. ಎದ್ದ ಮೇಲೆ ಬರುತ್ತಿರುವ ಬೈಕುಗಳನ್ನು ನೋಡಿ ಟ್ರ್ಯಾಕಿನಿಂದ ದೂರ ಹೋಗಿ, ಬೈಕ್ ಎತ್ತಲು ನಿಲ್ಲಬೇಡಿ. ಮಾರ್ಷಲ್ ಹೇಳಿದಂತೆ ಮಾಡಿ. ತಲೆಗೆ ಪೆಟ್ಟು ಬಿದ್ದಿದ್ದರೆ ಆ ದಿನ ಮತ್ತೆ ಇಳಿಯಬೇಡಿ, ಆ ಹೆಲ್ಮೆಟ್ ಮತ್ತೆ ಹಾಕಬೇಡಿ.

ನೀರು, ಊಟ, ಸುಸ್ತು

ನಮಗೆ ಬಿಸಿಲು ಹೊಸದಲ್ಲ, ಆದರೆ ನಮ್ಮದು ಒಣ ಬಿಸಿಲು. ಬೆವರು ಬಂದದ್ದು ಗೊತ್ತಾಗುವ ಮೊದಲೇ ಆರಿಹೋಗುತ್ತದೆ. ಚೆನ್ನೈ ಕಡೆಯ ಟ್ರ್ಯಾಕಿಗೆ ಹೋದರೆ ಬೆವರು ಆರುವುದೇ ಇಲ್ಲ, ಸೂಟಿನೊಳಗೆ ಮೈ ಬೇಯುತ್ತದೆ. ನಾನು ಕಲಬುರಗಿಯವನು, ನನಗೇನು ಬಿಸಿಲು ಅಂದುಕೊಂಡು ನೀರು ಕುಡಿಯದೆ ಇರಬೇಡಿ. ಪ್ರತಿ ಸೆಷನ್ ಮುಗಿದ ತಕ್ಷಣ ಸೂಟನ್ನು ಸೊಂಟದವರೆಗೆ ಇಳಿಸಿ, ಓಆರ್‌ಎಸ್ ಅಥವಾ ಉಪ್ಪು ಹಾಕಿದ ಮಜ್ಜಿಗೆ ಕುಡಿಯಿರಿ. ಮಧ್ಯಾಹ್ನ ಹೊಟ್ಟೆ ತುಂಬ ಊಟ ಬೇಡ. ನಾನು ಮನೆಯಿಂದ ಕಟಕ್ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಸಿಕೊಂಡು ಹೋಗುತ್ತೇನೆ, ಮೊಸರಿನ ಜೊತೆ ಒಂದೂವರೆ ರೊಟ್ಟಿ ಸಾಕು.

ಕೊನೆಯ ಸೆಷನ್ ಬಗ್ಗೆ ಎಚ್ಚರ. ಮೈ ದಣಿದಿರುತ್ತದೆ, ಧೈರ್ಯ ಮಾತ್ರ ಬೆಳಗಿಗಿಂತ ಹೆಚ್ಚಾಗಿರುತ್ತದೆ. ತಿರುವಿನ ಗುರುತು ಎರಡು ಸಲ ತಪ್ಪಿತು ಅಂದರೆ ಕೈ ಎತ್ತಿ ತೋರಿಸಿ ಒಳಗೆ ಬನ್ನಿ. ದುಡ್ಡು ಕಟ್ಟಿದ್ದೇನೆ ಅಂತ ಓಡಿಸಬೇಡಿ.

ಸಂಜೆ ಬೈಕ್ ತೊಳೆಯುವ ಮೊದಲು ನಕ್ಷೆ ತೆಗೆದು ಕೂರಿ. ಯಾವ ತಿರುವಿನಲ್ಲಿ ಹೆದರಿಕೆ ಆಯಿತು, ಅಲ್ಲಿ ಕಣ್ಣು ಎಲ್ಲಿತ್ತು, ಬ್ರೇಕ್ ಗುರುತು ಯಾವುದು, ಟೈರಿನ ಗಾಳಿ ಎಷ್ಟಿತ್ತು, ಎಲ್ಲ ಬರೆಯಿರಿ. ಬೆಳಗಾದರೆ ಅರ್ಧ ಮರೆತಿರುತ್ತದೆ. ಆಮೇಲೆ ಕನ್ನಡಿ ಹಾಕಿ, ಟೇಪ್ ಬಿಚ್ಚಿ, ಟೈರಿನ ಗಾಳಿಯನ್ನು ರಸ್ತೆಯ ಅಂಕಿಗೆ ಏರಿಸಿ. ಊರಿಗೆ ಬಂದ ಮೇಲೆ ಎರಡು ದಿನ 60ರ ವೇಗ ನಿಂತಲ್ಲೇ ನಿಂತ ಹಾಗೆ ಕಾಣುತ್ತದೆ. ಆ ಎರಡು ದಿನ ನಾನು ಮಿಲ್‌ಗೆ ಸಿಟಿ ಬಸ್ಸಿನಲ್ಲಿ ಹೋಗುತ್ತೇನೆ.